ಖಾಡಿಯ ರಾಜಹಂಸ: ಯಾವ ದಡಕ್ಕೆ, ಯಾವ ತಿಥಿಗೆ?

ಮಕ್ಕಳಿರುವ ಮನೆಗಳಲ್ಲಿ ಬೈಕುಲ್ಲಾದ ಪೆಂಗ್ವಿನ್‌ಗಳ ಹೆಸರು ಕೇಳದವರು ಯಾರೂ ಇಲ್ಲ. 2016ರಲ್ಲಿ ದಕ್ಷಿಣ ಕೊರಿಯಾದಿಂದ ಬಂದ ಹಂಬೋಲ್ಟ್ ಜಾತಿಯ ಈ ಹಕ್ಕಿಗಳನ್ನು 2017ರ ಮಾರ್ಚ್‌ನಿಂದ ನಾವೆಲ್ಲ ಗಾಜಿನ ಆಚೆಯಿಂದ ನೋಡುತ್ತಿದ್ದೇವೆ. ನೋಡಿ ಬಂದ ಮೇಲೆ ಮಕ್ಕಳ ಎರಡನೆಯ ಪ್ರಶ್ನೆ ಸಿದ್ಧವಾಗಿರುತ್ತದೆ, "ನಿಜವಾದ ಪೆಂಗ್ವಿನ್ ಎಲ್ಲಿರುತ್ತವೆ? ಅಲ್ಲಿಗೆ ಹೋಗಬಹುದೇ?" ಹೋಗಬಹುದು. ಅರ್ಜೆಂಟಿನಾದ ತುತ್ತತುದಿಯ ಉಶುವಾಯಾ ಊರಿನಿಂದ ಹಡಗು ಹತ್ತಿದರೆ, ಪ್ರಕ್ಷುಬ್ಧವಾದ ಡ್ರೇಕ್ ಜಲಸಂಧಿಯನ್ನು ಸುಮಾರು ಎರಡು ದಿನ ದಾಟಿ ಅಂಟಾರ್ಕ್ಟಿಕಾ ಸೇರಬಹುದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಆ ದಾರಿ ತೆರೆದಿರುತ್ತದೆ. ನವೆಂಬರ್‌ನಲ್ಲಿ ಹೋದವರಿಗೆ ಗೂಡು ಕಟ್ಟುವ ಹಕ್ಕಿಗಳು, ಜನವರಿಯಲ್ಲಿ ಹೋದವರಿಗೆ ಮರಿಗಳು, ಅದೂ ದಾಟಿದರೆ ಗರಿ ಉದುರಿಸುತ್ತ ನಿಂತ ದೊಡ್ಡವು. ಒಂದೇ ಹಕ್ಕಿ, ಆದರೆ ತಿಂಗಳು ಬದಲಾದರೆ ನೋಟವೂ ಬೇರೆ. ಖರ್ಚಿನ ಮಾತು ಮಾತ್ರ ಲಕ್ಷಗಳ ಲೆಕ್ಕದಲ್ಲಿ. ಡೊಂಬಿವಲಿಯ ಒನ್ ಬಿಎಚ್‌ಕೆಯ ಕಂತು ಕಟ್ಟುತ್ತಿರುವ ನಮ್ಮಂಥವರಿಗೆ ಅದು ಸದ್ಯಕ್ಕೆ ಟಿವಿಯಲ್ಲಿ ನೋಡುವ ಸಂಗತಿ.

ಆದರೆ ದೋಣಿ ಹತ್ತಿ, ಕಾಡಿನ ಹಕ್ಕಿಯನ್ನು ಅದರ ನೆಲೆಯಲ್ಲೇ ನೋಡುವ ಭಾಗ್ಯಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಥಾಣೆಯಿಂದ ವಾಶಿ ಲೋಕಲ್ ಹಿಡಿದು ಐರೋಲಿಯಲ್ಲಿ ಇಳಿದರೆ ಸಾಕು. ನಾವು ದಿನಬೆಳಗಾದರೆ ಸೇತುವೆಯ ಮೇಲಿಂದ ಮೂಗು ಮುಚ್ಚಿಕೊಂಡು ದಾಟುವ ಥಾಣೆ ಖಾಡಿಗೆ ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ಬರುತ್ತವೆ. ಅವುಗಳನ್ನು ಎಲ್ಲಿಂದ, ಯಾವಾಗ ನೋಡಬೇಕು ಎಂಬುದೇ ಇವತ್ತಿನ ನನ್ನ ಮಾತಿನ ವಿಷಯ.

ಮೊದಲು ಹಕ್ಕಿಯ ಪರಿಚಯ. ಮರಾಠಿಯಲ್ಲಿ ಇದಕ್ಕೆ ರೋಹಿತ್ ಎಂದೂ ಅಗ್ನಿಪಂಖ ಎಂದೂ ಹೆಸರು. ರೆಕ್ಕೆ ಬಿಚ್ಚಿದಾಗ ಕಾಣುವ ಕೆಂಪನ್ನು ಕಂಡವರಿಗೆ ಆ ಹೆಸರು ಒಪ್ಪಿಗೆಯಾಗುತ್ತದೆ. ನಮ್ಮಲ್ಲಿಗೆ ಬರುವವು ಎರಡು ಜಾತಿ. ದೊಡ್ಡ ರಾಜಹಂಸ ನಾಲ್ಕು ಅಡಿ ಮೀರಿ ಎತ್ತರ, ಮೈ ಹೆಚ್ಚು ಬಿಳಿ, ಕೊಕ್ಕು ತಿಳಿಗುಲಾಬಿ, ತುದಿ ಮಾತ್ರ ಕಪ್ಪು. ಪುಟ್ಟ ರಾಜಹಂಸ ಮೂರಡಿಯ ಒಳಗೆ, ಮೈ ಗಾಢ ಗುಲಾಬಿ, ಕೊಕ್ಕು ಕಡುಗೆಂಪು. ಖಾಡಿಯಲ್ಲಿ ಇವುಗಳದೇ ಸಂಖ್ಯೆ ಹೆಚ್ಚು. ನಡುವೆ ಬೂದುಬಣ್ಣದ ಹಕ್ಕಿಗಳು ಕಂಡರೆ ಬೇರೆ ಜಾತಿ ಎಂದುಕೊಳ್ಳಬೇಡಿ, ಅವು ಎಳೆಯವು. ಗುಲಾಬಿ ಬಣ್ಣ ಹುಟ್ಟಿನಿಂದ ಬಂದದ್ದಲ್ಲ, ತಿಂದ ಪಾಚಿಯಿಂದ ಮತ್ತು ಸಣ್ಣ ಸೀಗಡಿಯಂಥ ಜೀವಿಗಳಿಂದ ವರ್ಷಗಳಲ್ಲಿ ಮೈಗೆ ಹತ್ತಿದ್ದು.

ಹಂಸಕ್ಷೀರ ನ್ಯಾಯ ಎಂಬ ಮಾತು ನಿಮಗೆಲ್ಲ ಗೊತ್ತು, ಹಂಸ ನೀರನ್ನು ಬಿಟ್ಟು ಹಾಲನ್ನಷ್ಟೇ ಕುಡಿಯುತ್ತದಂತೆ. ಕಾವ್ಯದ ಹಂಸ ಯಾವ ಹಕ್ಕಿ ಎಂಬ ಚರ್ಚೆ ವಿದ್ವಾಂಸರಿಗಿರಲಿ. ಆದರೆ ಈ ರಾಜಹಂಸದ ಕೊಕ್ಕು ನಿಜಕ್ಕೂ ಒಂದು ಜರಡಿ. ತಲೆಯನ್ನು ತಲೆಕೆಳಗಾಗಿ ನೀರಿಗಿಳಿಸಿ, ನಾಲಗೆಯಿಂದ ಕೆಸರುನೀರನ್ನು ಎಳೆದು, ಸೋಸಿ, ನೀರನ್ನು ಹೊರಗೆ ಬಿಟ್ಟು ಪಾಚಿಯನ್ನಷ್ಟೇ ಉಳಿಸಿಕೊಳ್ಳುತ್ತದೆ. ನಗರದ ಕೊಳಚೆಯಿಂದ ಖಾಡಿಯ ನೀರು ಪಾಚಿಗೆ ಒಳ್ಳೆಯ ಗೊಬ್ಬರವಾಗಿದೆ, ಅದಕ್ಕೇ ಇಷ್ಟು ಹಕ್ಕಿಗಳು ಬರುತ್ತವೆ ಎಂಬುದು ಪಕ್ಷಿತಜ್ಞರ ಅಭಿಪ್ರಾಯ. ನಮ್ಮ ಕೊಳೆಯಿಂದ ತಮ್ಮ ಹಾಲನ್ನು ಹುಡುಕಿಕೊಂಡ ಹಂಸಗಳು ಎನ್ನಬಹುದು. ಹಾಗೆಂದು ಕೊಳೆ ಬಿಡುವುದಕ್ಕೆ ಇದು ಪರವಾನಗಿಯಲ್ಲ. ಪಾಚಿಗೆ ಒಗ್ಗಿದ ನೀರಿನಲ್ಲಿ ರಾಸಾಯನಿಕ ಸೇರಿದರೆ ಹಕ್ಕಿಗೆ ಅದೇ ವಿಷ.

ಮುಂಬಯಿಯ ಶಿವ್ಡಿ ಕಡೆಯ ಕೆಸರುನೆಲದಲ್ಲಿ ಇವು ದೊಡ್ಡ ಸಂಖ್ಯೆಯಲ್ಲಿ ಕಾಣಿಸತೊಡಗಿದ್ದು 1990ರ ದಶಕದಲ್ಲಿ. 2015ರಲ್ಲಿ ಮಹಾರಾಷ್ಟ್ರ ಸರಕಾರ ಖಾಡಿಯ ಸುಮಾರು 1,690 ಹೆಕ್ಟೇರ್ ಭಾಗವನ್ನು ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಂಡ್ಲ ಕಾಡು, ಉಳಿದದ್ದು ನೀರು. ನಮ್ಮ ಕುಂದಾಪುರ ಕಡೆಯ ಕಾಂಡ್ಲ ಮತ್ತು ಮರಾಠಿಯ ಕಾಂದಳ ಅಕ್ಕತಂಗಿಯರಂತಿರುವ ಮಾತುಗಳು. 2022ರಲ್ಲಿ ಖಾಡಿಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ದೊರೆಯಿತು. ಅದೇ ವರ್ಷ ನಮ್ಮ ರಂಗನತಿಟ್ಟಿಗೂ ಆ ಮನ್ನಣೆ ಸಿಕ್ಕಿತು.

ರಂಗನತಿಟ್ಟಿನ ಹೆಸರು ಬಂದದ್ದರಿಂದ ಒಂದು ವ್ಯತ್ಯಾಸ ಹೇಳಬೇಕು. ಅಲ್ಲಿ ಹಕ್ಕಿ ಮರದ ಮೇಲೆ, ಗೂಡಿನಲ್ಲಿ. ದೋಣಿಯವನು ತನಗೆ ಬೇಕಾದ ಹೊತ್ತಿಗೆ ಹುಟ್ಟು ಹಾಕಿ ಹತ್ತಿರ ಒಯ್ಯುತ್ತಾನೆ. ಇಲ್ಲಿ ಹಾಗಲ್ಲ. ಖಾಡಿಯಲ್ಲಿ ಗಡಿಯಾರ ಸಮುದ್ರದ ಕೈಯಲ್ಲಿದೆ. ಹಕ್ಕಿ ಎಲ್ಲಿರುತ್ತದೆ, ದೋಣಿ ಎಲ್ಲಿಯವರೆಗೆ ಹೋಗುತ್ತದೆ ಎಂಬೆರಡನ್ನೂ ನಿರ್ಧರಿಸುವುದು ಭರತ ಮತ್ತು ಇಳಿತ. ಭಾನುವಾರ ರಜೆ ಇದೆ ಎಂದು ಊಟ ಮುಗಿಸಿ ಹೊರಟವರಲ್ಲಿ ಅನೇಕರು ಖಾಲಿ ಕೆಸರು ನೋಡಿ ಮರಳುವುದು ಇದನ್ನು ಗಮನಿಸದೆ ಇರುವುದರಿಂದ.

ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದು ಮೈಲುಗಟ್ಟಲೆ ಕೆಸರು ತೆರೆದುಕೊಳ್ಳುತ್ತದೆ. ಹಕ್ಕಿಗಳಿಗೆ ಅದು ಊಟದ ಹೊತ್ತು. ಆದರೆ ಅವು ಚದುರಿ ದೂರ ಹೋಗಿರುತ್ತವೆ, ದೋಣಿಗೆ ನೀರು ಸಾಲುವುದಿಲ್ಲ. ಭರತ ತುಂಬಿದಾಗ ದೋಣಿಗೆ ನೀರುಂಟು, ಹಕ್ಕಿಗೆ ನಿಲ್ಲಲು ನೆಲವಿಲ್ಲ. ಆಗ ಅವು ಎದ್ದು ಹತ್ತಿರದ ಆಳವಿಲ್ಲದ ಕೆರೆಗಳಿಗೆ ಹೋಗಿ ವಿಶ್ರಮಿಸುತ್ತವೆ. ಇವೆರಡರ ನಡುವಿನ ಹೊತ್ತೇ ನಮಗೆ ಬೇಕಾದದ್ದು. ನೀರು ಏರುತ್ತ ಬಂದಂತೆ ಉಳಿದ ಕೆಸರಿನ ಪಟ್ಟಿಯ ಮೇಲೆ ಹಕ್ಕಿಗಳು ಒತ್ತೊತ್ತಾಗಿ ಸೇರುತ್ತವೆ, ದೋಣಿಯೂ ಅಲ್ಲಿಯವರೆಗೆ ಹೋಗಬಲ್ಲದು.

ಹಾಗಾದರೆ ಭರತದ ಹೊತ್ತನ್ನು ತಿಳಿಯುವುದು ಹೇಗೆ? ಈಗ ಮೊಬೈಲಿನಲ್ಲೇ ಕೋಷ್ಟಕ ಸಿಗುತ್ತದೆ. ಆದರೆ ಕೊಂಕಣದ ಕರಾವಳಿಯವರ ಹಳೆಯ ಲೆಕ್ಕವೊಂದಿದೆ, ಮನೆಯ ಗೋಡೆಯ ಕ್ಯಾಲೆಂಡರ್ ಇದ್ದರೆ ಸಾಕು. ಅಂದಿನ ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ಎಷ್ಟೋ, ಸುಮಾರು ಅಷ್ಟು ಗಂಟೆಗೆ ತುಂಬು ಭರತ. ಅಷ್ಟಮಿ ಎಂದರೆ ಎಂಟು, ಅದರ ಮುಕ್ಕಾಲು ಆರು. ಅಂದು ಬೆಳಿಗ್ಗೆ ಆರರ, ಸಂಜೆ ಆರರ ಆಸುಪಾಸು ಭರತ, ನಡುಹಗಲಿನಲ್ಲಿ ಇಳಿತ. ದ್ವಾದಶಿಯಂದು ಒಂಬತ್ತು ಗಂಟೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಹನ್ನೊಂದೂಕಾಲು ದಾಟಿ ಹನ್ನೆರಡರ ಕಡೆಗೆ. ಚಂದ್ರ ದಿನವೂ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡವಾಗಿ ಮೂಡುವುದರಿಂದ ಭರತವೂ ಅಷ್ಟೇ ಹಿಂದೆ ಬೀಳುತ್ತದೆ, ಅದೇ ಈ ಲೆಕ್ಕದ ಗುಟ್ಟು. ಇದು ಅಂದಾಜು ಮಾತ್ರ. ಅರ್ಧ ಗಂಟೆ, ಮುಕ್ಕಾಲು ಗಂಟೆ ಆಚೀಚೆಯಾಗುತ್ತದೆ, ಖಾಡಿಯ ಒಳಭಾಗಕ್ಕೆ ನೀರು ಇನ್ನೂ ಸ್ವಲ್ಪ ತಡವಾಗಿ ಮುಟ್ಟುತ್ತದೆ. ಆದರೆ ಯಾವ ಭಾನುವಾರ ಹೋಗಬೇಕೆಂದು ತಿಂಗಳ ಮೊದಲೇ ಗುರುತು ಹಾಕಿಕೊಳ್ಳಲು ಧಾರಾಳ ಸಾಕು.

ಬಿಸಿಲಿಗೆ ಮೊದಲು ಬೆಳಗಿನ ದೋಣಿ ಬೇಕೆನ್ನುವವರು ಏಕಾದಶಿಯಿಂದ ಚತುರ್ದಶಿಯ ನಡುವೆ ಬರುವ ರಜೆಯನ್ನು ಆರಿಸಿ. ಸಂಜೆಯ ಬೆಳಕು ಇಷ್ಟವಾದವರಿಗೆ ಪಂಚಮಿ, ಷಷ್ಠಿ, ಸಪ್ತಮಿ ಒಳ್ಳೆಯದು. ಶುಕ್ಲಪಕ್ಷ, ಕೃಷ್ಣಪಕ್ಷ ಎರಡಕ್ಕೂ ಲೆಕ್ಕ ಒಂದೇ. ಏಕಾದಶಿ ಉಪವಾಸದವರು ದೋಣಿಯಲ್ಲಿ ತಿನ್ನಲು ಏನೂ ಸಿಗದೆಂದು ಕೊರಗಬೇಕಾಗಿಯೂ ಇಲ್ಲ.

ಇನ್ನು ತಿಂಗಳು. ಹಕ್ಕಿಗಳು ನವೆಂಬರ್ ಹೊತ್ತಿಗೆ ಬರತೊಡಗಿ ಮೇ ಕೊನೆಯವರೆಗೆ, ಕೆಲವು ಮಳೆ ಹಿಡಿಯುವವರೆಗೂ ಇರುತ್ತವೆ. ಇವುಗಳಲ್ಲಿ ಬಹಳಷ್ಟರ ಹೆರಿಗೆ ಮನೆ ಗುಜರಾತಿನ ಕಛ್ ರಣ. ಮಳೆನೀರು ಅಲ್ಲಿ ಎಷ್ಟು ದಿನ ನಿಲ್ಲುತ್ತದೋ ಅಷ್ಟು ತಡವಾಗಿ ಇಲ್ಲಿಗೆ ಬರುತ್ತವೆ. ಆದ್ದರಿಂದ ದೀಪಾವಳಿ ರಜೆಯಲ್ಲಿ ಹೋಗಿ ನಿರಾಶರಾಗುವುದಕ್ಕಿಂತ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಕಾಲವನ್ನು ಇಟ್ಟುಕೊಳ್ಳಿ. ಆಗ ಸಂಖ್ಯೆಯೂ ಹೆಚ್ಚು, ಬಿಸಿಲೂ ತಡೆಯುವಷ್ಟು. ಮಕ್ಕಳ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಹೋಗುವವರು ಟೋಪಿ, ನೀರು ಮರೆಯಬೇಡಿ.

ಸ್ಥಳಗಳು ಮುಖ್ಯವಾಗಿ ಮೂರು. ಮೊದಲನೆಯದು ಐರೋಲಿ. ರಾಜ್ಯದ ಕಾಂದಳವನ ವಿಭಾಗದ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರ 2017ರಿಂದ ಅಲ್ಲಿದೆ. ಐರೋಲಿ ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಹೋಗಬಹುದು. ದೋಣಿ ಹೊರಡುವುದು ಇಲ್ಲಿಂದಲೇ, ಮೊದಲೇ ಕಾದಿರಿಸಬೇಕು. ಹೊರಡುವ ಹೊತ್ತು ಭರತಕ್ಕೆ ತಕ್ಕಂತೆ ದಿನದಿನಕ್ಕೆ ಬೇರೆ. ಕಲ್ಯಾಣ್, ಡೊಂಬಿವಲಿಯವರು ಥಾಣೆಯಲ್ಲಿ ಗಾಡಿ ಬದಲಿಸಿದರೆ ಆಯಿತು. ವಯಸ್ಸಾದವರು ದೋಣಿ ಹತ್ತುವ ಮೊದಲು ಕೇಂದ್ರದಲ್ಲೇ ಶೌಚ ಮುಗಿಸಿಕೊಳ್ಳುವುದು ಒಳ್ಳೆಯದು, ನೀರಿನ ನಡುವೆ ಆ ಸೌಕರ್ಯವಿಲ್ಲ.

ಎರಡನೆಯದು ಶಿವ್ಡಿ. ಹಾರ್ಬರ್ ಮಾರ್ಗದ ಸ್ಟೇಷನ್, ಕುರ್ಲಾದಲ್ಲಿ ಬದಲಿಸಬೇಕು. ದೋಣಿ ಬೇಡ, ಖರ್ಚಿಲ್ಲ, ಜೆಟ್ಟಿಯ ಬಳಿ ದಡದಲ್ಲೇ ನಿಂತು ನೋಡಬಹುದು. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು ಆರಂಭವಾಗುವುದೂ ಇದೇ ಕೆಸರುನೆಲದ ಮಗ್ಗುಲಲ್ಲಿ. ಭರತಕ್ಕೆ ಎರಡು ಮೂರು ಗಂಟೆ ಮೊದಲು ಅಥವಾ ನಂತರ ಅಲ್ಲಿರಬೇಕು. ದುರ್ಬೀನು ಇದ್ದರೆ ಲೇಸು.

ಮೂರನೆಯದು ನವಿ ಮುಂಬಯಿಯ ನೆರೂಲ್, ಸೀವುಡ್ಸ್ ಕಡೆಯ ನೀರುನೆಲಗಳು, ಅಂದರೆ ಡಿಪಿಎಸ್ ಕೆರೆ, ಟಿ. ಎಸ್. ಚಾಣಕ್ಯದ ಪರಿಸರ. ಇದು ಭರತ ತುಂಬಿದ ಹೊತ್ತಿನ ಜಾಗ. ಖಾಡಿಯಲ್ಲಿ ನೆಲ ಮುಳುಗಿದಾಗ ಹಕ್ಕಿಗಳು ಒಂಟಿ ಕಾಲಿನಲ್ಲಿ ನಿಂತು ತೂಕಡಿಸುವುದು ಇಲ್ಲಿ. ಬೆಳಿಗ್ಗೆ ದೋಣಿ ಮುಗಿಸಿ ಇಲ್ಲಿಗೆ ಬಂದರೆ ಒಂದೇ ದಿನದಲ್ಲಿ ಅವುಗಳ ಊಟವನ್ನೂ ವಿಶ್ರಾಂತಿಯನ್ನೂ ನೋಡಿದಂತಾಯಿತು.

ಈ ಮೂರನೆಯ ಜಾಗದ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಅಭಯಾರಣ್ಯದ ಭವಿಷ್ಯ ಅಭಯಾರಣ್ಯದ ಹೊರಗಿದೆ. ಡಿಪಿಎಸ್ ಕೆರೆ ಸುಮಾರು 30 ಎಕರೆಯದು, ಖಾಡಿಯ ಅಭಯಾರಣ್ಯದ ಗಡಿಯೊಳಗೆ ಸೇರಿದ್ದಲ್ಲ. 2024ರಲ್ಲಿ ಸಮುದ್ರದ ನೀರು ಒಳಬರುವ ದಾರಿಗಳು ಮುಚ್ಚಿಹೋಗಿ ಕೆರೆ ಒಣಗಿತು. ದಿಕ್ಕುಗೆಟ್ಟ ಹಕ್ಕಿಗಳು ರಸ್ತೆಗೆ ಇಳಿದವು, ಕೆಲವು ಸತ್ತವು. ಅದೇ ವರ್ಷ ಮೇ 20ರ ರಾತ್ರಿ ಘಾಟ್‌ಕೋಪರ್‌ನ ಮೇಲೆ ವಿಮಾನವೊಂದಕ್ಕೆ ಬಡಿದು 39 ರಾಜಹಂಸಗಳು ಸತ್ತವು. ಆ ಡಿಕ್ಕಿಗೂ ಕೆರೆಗೂ ನೇರ ಸಂಬಂಧ ಕಟ್ಟುವುದು ನನ್ನ ಕೆಲಸವಲ್ಲ. ಆದರೆ ಭರತ ದಿನಕ್ಕೆ ಎರಡು ಬಾರಿ ಬರುತ್ತದೆ, ದಿನಕ್ಕೆ ಎರಡು ಬಾರಿ ಹಕ್ಕಿಗೆ ಕಾಲೂರಲು ಒಂದಿಷ್ಟು ಆಳವಿಲ್ಲದ ನೀರು ಬೇಕು. ಅದು ಸಿಗದಿದ್ದರೆ ಖಾಡಿಯಲ್ಲಿ ಎಷ್ಟು ಪಾಚಿ ಇದ್ದೂ ಪ್ರಯೋಜನವಿಲ್ಲ. ಊಟ ಹಾಕಿ ಮಲಗಲು ಜಾಗ ಕೊಡದ ಮನೆಗೆ ಯಾವ ನೆಂಟ ಮತ್ತೆ ಬರುತ್ತಾನೆ? ನೆರೂಲ್‌ನ ನಿವಾಸಿಗಳು, ಪರಿಸರಪ್ರಿಯರು ಬೀದಿಗಿಳಿದು ಕೂಗಿದ್ದರ ಫಲವಾಗಿ, 2025ರ ಏಪ್ರಿಲ್‌ನಲ್ಲಿ ಈ ಕೆರೆಯನ್ನು ಸಂರಕ್ಷಿತ ಪ್ರದೇಶವನ್ನಾಗಿಸಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತು. ಜನ ನೋಡಲು ಹೋಗುತ್ತಿದ್ದ ಕೆರೆಯಾದ್ದರಿಂದಲೇ ಅದು ಒಣಗಿದ್ದು ಜನಕ್ಕೆ ಗೊತ್ತಾಯಿತು ಎಂಬುದನ್ನು ಗಮನಿಸಿ. ನೋಡುವವರಿಲ್ಲದ ಕೆರೆ ಸದ್ದಿಲ್ಲದೆ ನಿವೇಶನವಾಗುತ್ತದೆ.

ಹೋದಾಗ ನಡೆದುಕೊಳ್ಳುವ ರೀತಿಯೂ ಮುಖ್ಯ. ಅಂಟಾರ್ಕ್ಟಿಕಾಕ್ಕೆ ಹೋದ ಪ್ರವಾಸಿಗರು ಪೆಂಗ್ವಿನ್‌ನಿಂದ ಕನಿಷ್ಠ 5 ಮೀಟರ್ ದೂರ ನಿಲ್ಲಬೇಕು, ಹಕ್ಕಿ ನಡೆದು ಬಂದರೆ ದಾರಿ ಬಿಡಬೇಕು ಎಂಬ ನಿಯಮವಿದೆ. ಲಕ್ಷ ಕೊಟ್ಟು ಹೋದವರು ಪಾಲಿಸುವುದನ್ನು ನಾವು ಲೋಕಲ್ ಟಿಕೆಟಿನಲ್ಲಿ ಹೋದವರೂ ಪಾಲಿಸಬಹುದು. "ಸ್ವಲ್ಪ ಹತ್ತಿರ ಒಯ್ಯಿ, ಭಾವು, ಒಮ್ಮೆ ಹಾರಲಿ" ಎಂದು ದೋಣಿಯವರನ್ನು ಪೀಡಿಸಬೇಡಿ. ಹಿಂಡು ಒಟ್ಟಿಗೆ ಎದ್ದ ಫೋಟೊ ಚೆಂದವೇ, ಆದರೆ ಮರಳಿ ರಣ ಸೇರಲು ಕೂಡಿಟ್ಟ ಶಕ್ತಿ ಹಾಗೆ ಖರ್ಚಾಗುತ್ತದೆ. ಡ್ರೋನ್, ಪಟಾಕಿ, ಜೋರು ಹಾಡು ಬೇಡ. ಚಿಪ್ಸ್ ಪೊಟ್ಟಣ ಕಿಸೆಯಲ್ಲೇ ಮನೆಗೆ ಬರಲಿ.

ನಮ್ಮ ಸಂಘಗಳು ವರ್ಷಕ್ಕೊಂದು ವಿಹಾರ ಇಟ್ಟುಕೊಳ್ಳುವ ರೂಢಿ ಇದೆ. ಲೋಣಾವಳಾ, ಅಲಿಬಾಗ್ ಆಯಿತು. ಈ ಸಲ ಫೆಬ್ರವರಿಯ ಒಂದು ದ್ವಾದಶಿ, ತ್ರಯೋದಶಿಯ ರಜೆ ನೋಡಿ ಐರೋಲಿಗೆ ಇಪ್ಪತ್ತು ಜನ ಹೊರಡಿ. ಅಜ್ಜ ಅಜ್ಜಿಯರು ತಿಥಿಯ ಲೆಕ್ಕ ಹೇಳಲಿ, ಮೊಮ್ಮಕ್ಕಳು ಮೊಬೈಲಿನ ಕೋಷ್ಟಕದೊಡನೆ ತಾಳೆ ನೋಡಲಿ. ಇಬ್ಬರ ಲೆಕ್ಕವೂ ಅರ್ಧ ಗಂಟೆಯೊಳಗೆ ಕೂಡಿದರೆ, ಪಂಚಾಂಗ ಶ್ರಾದ್ಧಕ್ಕೂ ಮದುವೆಗೂ ಮಾತ್ರವಲ್ಲ ಎಂದು ಆ ಮಕ್ಕಳಿಗೆ ಬೇರೆ ಹೇಳಬೇಕಾಗುವುದಿಲ್ಲ.