ಹಾಲು, ಬಿಸುಪು, ಮಾತು

(ಮಧುಗಿರಿಯಲ್ಲಿ ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹಸುಗೂಸಿನ ಪೋಷಣೆಯನ್ನು ಕುರಿತು ಮಾತನಾಡಲು ವಕೀಲನೊಬ್ಬನನ್ನು ಕರೆದುದು ನಿಮ್ಮಲ್ಲಿ ಕೆಲವರಿಗೆ ವಿನೋದವಾಗಿ ತೋರಿರಬಹುದು. ನಾನು ವೈದ್ಯನಲ್ಲ; ವೈದ್ಯರು ಒಪ್ಪಿರುವ ಸಂಗತಿಗಳನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ. ಆದರೆ ತನ್ನ ಅಹವಾಲನ್ನು ತಾನೇ ಹೇಳಿಕೊಳ್ಳಲಾರದವನ ಪರವಾಗಿ ನಿಲ್ಲುವುದು ನನ್ನ ಕಸುಬು. ಈ ದಿನದ ನನ್ನ ಕಕ್ಷಿಗಾರನ ವಯಸ್ಸು ಹತ್ತು ದಿನ. ಅಳುವೊಂದನ್ನುಳಿದು ಬೇರೆ ಅರ್ಜಿಯನ್ನು ಅವನು ಬರೆಯಲಾರನು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಶಾಲೆಗಳಲ್ಲಿ ಪಾಠ ಹೇಳುವ ನೀವು ಮಗುವನ್ನು ಅದರ ಐದಾರನೆಯ ವಯಸ್ಸಿನಲ್ಲಿ ಕಾಣುತ್ತೀರಿ. ಅದಕ್ಕೆ ಬಹು ಮುಂಚೆಯೇ ಅದು ಬೇರೊಂದು ಶಾಲೆಯಲ್ಲಿ ಕಲಿತಿರುತ್ತದೆ. ಬಾಣಂತಿಯ ಮಡಿಲೇ ಆ ಶಾಲೆ. ಅಲ್ಲಿ ಮೂರೇ ಪಾಠಗಳು: ಹಾಲು, ಬಿಸುಪು, ಮಾತು. ಇವು ಮೂರಲ್ಲ, ಒಂದೇ ಎಂಬುದನ್ನು ತೋರಿಸಿ, ಆ ಮಡಿಲನ್ನು ಮನೆಯಿಂದ ಹೊರಗಿಡುವುದು ಎಂತಹ ಅನ್ಯಾಯವೆಂಬುದನ್ನು ಹೇಳಿ ಮುಗಿಸುವೆನು.

ಮೊದಲನೆಯದು ಹಾಲು. ಹಸು ಈದರೆ ಗಿಣ್ಣನ್ನು ಮೊದಲು ಕರುವಿಗೆ ಕುಡಿಸಬೇಕೆಂದು ನಮ್ಮ ಸೀಮೆಯ ದನಗಾಹಿ ಹುಡುಗನಿಗೆ ಯಾರೂ ಕಲಿಸಬೇಕಾಗಿಲ್ಲ. ಹೀಗಿದ್ದೂ, ತಾಯಿಯ ಎದೆಯಲ್ಲಿ ಮೊದಲ ಎರಡು ಮೂರು ದಿನ ಬರುವ ಹಳದಿ ಛಾಯೆಯ ಮಂದ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಸುವ ಹಿರಿಯರು ಇನ್ನೂ ಇದ್ದಾರೆ. ಅದು ಮನುಷ್ಯರ ಗಿಣ್ಣು. ಪ್ರಮಾಣದಲ್ಲಿ ಅದು ಅಲ್ಪ. ಆದರೆ ರೋಗವನ್ನು ತಡೆಯುವ ಸತ್ವ ಅದರಲ್ಲಿ ತುಂಬಿದೆ. ಹೆರಿಗೆಯಾದ 1 ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚಬೇಕು; ಮೊದಲ 6 ತಿಂಗಳು ಎದೆಹಾಲೊಂದೇ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಪಾವಗಡದ ಬೇಸಗೆಯಲ್ಲಿಯೂ ಬೇರೆ ನೀರು ಬೇಡ. ಎದೆಹಾಲಿನ ಬಹುಭಾಗ ನೀರೇ ಆಗಿದೆ. ಪಟ್ಟಣದ ವಿದ್ಯಾವಂತರು ಶಾಸ್ತ್ರಕ್ಕೆಂದು ನೆಕ್ಕಿಸುವ ಜೇನುತುಪ್ಪವೂ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಅದರಿಂದ ಬೊಟ್ಯುಲಿಸಂ ಎಂಬ ಕಠಿಣ ರೋಗ ಬರುವ ಸಂಭವವುಂಟು.

ಕೂಸಿಗೆ ಗಡಿಯಾರ ತಿಳಿಯದು. ಹಗಲೂ ಇರುಳೂ ಸೇರಿ ದಿನಕ್ಕೆ 8ರಿಂದ 12 ಸಲ ಅದು ಹಾಲು ಕೇಳುವುದು ಸಹಜ. ತುಟಿ ಚಪ್ಪರಿಸುವುದು, ಕೈಯನ್ನು ಬಾಯಿಗೆ ಒಯ್ಯುವುದು, ಮುಖ ತಿರುಗಿಸಿ ಹುಡುಕುವುದು—ಇವು ಹಸಿವಿನ ಮೊದಲ ಕರೆಗಳು. ಅಳುವು ಕೊನೆಯ ಕರೆ. ಹಾಲು ಸಾಲದೆಂದು ಹೆದರುವ ತಾಯಿಗೆ ಒಂದು ಲೆಕ್ಕವನ್ನು ಹೇಳಿ: ಮೊದಲ ವಾರ ಕಳೆದ ಮೇಲೆ ಕೂಸು ದಿನಕ್ಕೆ 6 ಸಲವಾದರೂ ಮೂತ್ರ ಮಾಡುತ್ತ, ತೂಕದಲ್ಲಿ ಏರುತ್ತ ಇದ್ದರೆ ಹಾಲು ಸಾಕಾಗುತ್ತಿದೆ. ಚೀಪಲಾರದ ಕೂಸಿಗೆ ತಾಯಿಯ ಹಾಲನ್ನೇ ಹಿಂಡಿ, ಕುದಿಸಿ ಶುಚಿಮಾಡಿದ ಒಳಲೆಯಲ್ಲಿ ಕುಡಿಸಬಹುದು. ಹಾಲು ಬಾರದ ತಾಯಿಯನ್ನು ಹಂಗಿಸದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಆದರೆ ಅಂಗಡಿಯ ಹಾಲುಪುಡಿಯ ಬಣ್ಣದ ಮಾತಿಗೆ ಮರುಳಾಗಬಾರದು. 1992ರ ಶಾಸನವು ಶಿಶುಗಳ ಹಾಲುಪುಡಿಯ ಮತ್ತು ಹಾಲಿನ ಬಾಟಲಿಯ ಜಾಹೀರಾತನ್ನೇ ನಿಷೇಧಿಸಿದೆ. ಇನ್ನು ಬಾಣಂತಿಗೆ ನೀರು ಕೊಡಬಾರದು, ಅರೆಹೊಟ್ಟೆಯಲ್ಲಿಡಬೇಕು ಎಂಬ ಪಥ್ಯವನ್ನು ಏನೆನ್ನೋಣ! ತೊಟ್ಟಿಗೆ ನೀರು ಹೊಯ್ಯದೆ ಕೊಳಾಯಿಯನ್ನು ಬಯ್ದಂತೆ. ಮುದ್ದೆ, ಸೊಪ್ಪು, ಬೇಳೆ, ಹಾಲು, ಬೇಕಾದಷ್ಟು ನೀರು, ಇವುಗಳಿಂದಲೇ ಎದೆಹಾಲು.

ಎರಡನೆಯದು ಬಿಸುಪು. ಕೂಸು ಅಳುವುದೇಕೆ? ಹಸಿವು, ಒದ್ದೆ ಬಟ್ಟೆ, ಚಳಿ, ಸೆಕೆ, ನಿದ್ದೆಯ ತೂಕಡಿಕೆ, ಕೆಲವೊಮ್ಮೆ ಬರಿಯ ಒಂಟಿತನ. ಎಲ್ಲವನ್ನೂ ನೋಡಿಯಾದ ಮೇಲೆಯೂ ಅದು ಅಳಬಹುದು. ಸುಮಾರು ಆರನೆಯ ವಾರದಲ್ಲಿ ಅಳು ಹೆಚ್ಚಿ, ಮೂರು ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತದೆ. ಎತ್ತಿಕೊಂಡರೆ ಕೈಚಾಳಿ ಹಿಡಿಯುತ್ತದೆಂಬ ಭಯ ಬೇಡ. ಹೆಗಲಿಗೆ ಹಾಕಿಕೊಳ್ಳಿ, ಮೆಲ್ಲಗೆ ತೂಗಿ, ಜೋಗುಳ ಹಾಡಿ. ಸಿಟ್ಟು ಮೀರಿದರೆ ಕೂಸನ್ನು ಮನೆಯವರೊಬ್ಬರ ಕೈಗಿತ್ತು ಹೊರಗೆ ಹೋಗಿ ಬನ್ನಿ. ಎಂದೂ ಹಿಡಿದು ಕುಲುಕಬೇಡಿ, ಅದರ ಮಿದುಳಿಗೆ ಪೆಟ್ಟಾಗುತ್ತದೆ. ಮಲಗಿಸುವಾಗ ಅಂಗಾತ ಮಲಗಿಸಿ. ಕಿವಿಮೂಗುಗಳಿಗೆ ಎಣ್ಣೆ ಬಿಡಬೇಡಿ; ಕೆಂಡದ ಹೊಗೆಯನ್ನು ಹಿಡಿಯಬೇಡಿ.

ಚಳಿಯ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ನಮಗೆ ಚಳಿಯಾದರೆ ಮೈ ನಡುಗಿ ಕಾವೇರುತ್ತದೆ. ಹೊಸಗೂಸಿಗೆ ಹಾಗೆ ನಡುಗಲು ಬಾರದು. ಕ್ಷಣಮಾತ್ರದಲ್ಲಿ ಅದು ತಣ್ಣಗಾಗುತ್ತದೆ. ತಣ್ಣಗಾದ ಕೂಸು ಹಾಲು ಕುಡಿಯಲಾರದು. ಕುಡಿಯದ ಕೂಸು ಇನ್ನೂ ತಣ್ಣಗಾಗುತ್ತದೆ. ಇದಕ್ಕೆ ಮದ್ದು ತಾಯಿಯ ಬರಿಯ ಎದೆಯೇ. 1978ರಲ್ಲಿ ದಕ್ಷಿಣ ಅಮೆರಿಕದ ಬೊಗೊಟಾ ನಗರದ ವೈದ್ಯರು, ಕೂಸುಗಳನ್ನಿಡುವ ಯಂತ್ರಗಳು ಸಾಲದೆ ಹೋದಾಗ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ತಾಯಂದಿರ ಎದೆಗೇ ಕಟ್ಟಿ ಉಳಿಸಿಕೊಂಡರು. ಕಾಂಗರೂ ಆರೈಕೆ ಎಂಬ ಹೆಸರಿನಿಂದ ಅದೀಗ ಲೋಕವೆಲ್ಲ ಒಪ್ಪಿದ ಪದ್ಧತಿ.

ಮೂರನೆಯದು ಮಾತು. ಅರಿಯದ ಕೂಸಿನೊಡನೆ ಏನು ಮಾತೆಂದು ಗಂಡಸರು ನಗುತ್ತಾರೆ. ಗರ್ಭದ ಕೊನೆಯ ತಿಂಗಳುಗಳಲ್ಲಿಯೇ ಕೂಸು ತಾಯಿಯ ದನಿಯನ್ನು ಕೇಳುತ್ತಿರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಪರರ ದನಿಗಿಂತ ಆ ದನಿಯನ್ನೇ ಬಯಸುತ್ತದೆಂದು 1980ರಲ್ಲಿ ಪರೀಕ್ಷೆಯಿಂದ ತೋರಿಸಿದರು. ಅದರ ಕಣ್ಣು ಸ್ಪಷ್ಟವಾಗಿ ಕಾಣುವ ದೂರ ಸುಮಾರು ಒಂದು ಗೇಣು. ಮೊಲೆಯುಣ್ಣುವ ಕೂಸಿಗೂ ತಾಯಿಯ ಮುಖಕ್ಕೂ ಇರುವ ದೂರವೂ ಅಷ್ಟೇ! ಹಾಲೂಡುವಾಗ, ನೀರೆರೆಯುವಾಗ, ಬಟ್ಟೆ ಬದಲಿಸುವಾಗ ಮಾತನಾಡಿ. ಅದು ‘ಊಂ’ ಎಂದರೆ ನಿಂತು ಕೇಳಿ, ಮರುಮಾತು ಕೊಡಿ. ನಮ್ಮ ಅಜ್ಜಿಯರು ಇದನ್ನೇ ಮಾಡುತ್ತಿದ್ದರು. ಮನೆಯ ನುಡಿ ಕನ್ನಡವೋ ತೆಲುಗೋ ಉರ್ದುವೋ, ತಾಯಿಯ ಬಾಯಿಗೆ ಸಹಜವಾಗಿ ಬರುವುದೇ ಕೂಸಿಗೂ ಹಿತ. ದೊಡ್ಡ ಸದ್ದಿಗೂ ಬೆಚ್ಚದ ಕೂಸಿನ ಕಿವಿಯನ್ನು ಬೇಗ ಪರೀಕ್ಷೆ ಮಾಡಿಸತಕ್ಕದ್ದು.

ಮಹನೀಯರೇ, ಈಗ ನನ್ನ ವ್ಯಾಜ್ಯಕ್ಕೆ ಬರುತ್ತೇನೆ. 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ತಾಯಿಯೊಡನಿದ್ದ ಹಸುಗೂಸೊಂದು ಮಳೆ ಚಳಿಗಳಿಗೆ ಸಿಕ್ಕಿ ತೀರಿಕೊಂಡಿತು. ನಮ್ಮ ತಾಲ್ಲೂಕುಗಳ ಹಟ್ಟಿಗಳಿಗೂ ಈ ಆಚಾರ ಅಪರಿಚಿತವಲ್ಲ. ಆ ಗುಡಿಸಲಿನಲ್ಲಿ ತಾಯಿಯೇನೋ ಇದ್ದಾಳೆ. ಆದರೆ ಅವಳಿಗೆ ಬಿಸಿಯೂಟವನ್ನು ಯಾರು ತರಬೇಕು? ನಡುರಾತ್ರಿ ಕೂಸನ್ನು ಯಾರು ಎತ್ತಿಕೊಳ್ಳಬೇಕು? ಅವಳು ಕುಗ್ಗಿ ಕಣ್ಣೀರಿಟ್ಟರೆ ಯಾರು ಮಾತನಾಡಿಸಬೇಕು?

ಕಾಡುಗೊಲ್ಲರನ್ನು ಹಳಿಯಲು ನಾನು ನಿಂತಿಲ್ಲ. ಬಾಣಂತಿಯನ್ನು ಗಾಳಿಬೆಳಕಿಲ್ಲದ ಕೋಣೆಯಲ್ಲಿ ಕೂಡಿ, ಮುಟ್ಟಿದರೆ ಮೈಲಿಗೆಯೆನ್ನುವ ಪಟ್ಟಣದ ಮನೆಗಳೂ ಇದೇ ಕಟಕಟೆಯಲ್ಲಿ ನಿಲ್ಲಬೇಕು. ಹಟ್ಟಿಯ ಹಿರಿಯರನ್ನು ನಾನು ಕೈಮುಗಿದು ಕೇಳುವುದು ಒಂದೇ ಪ್ರಶ್ನೆ: ‘ಯಜಮಾನರೇ, ಆಷಾಢದ ಗಾಳಿಯಲ್ಲಿ ನಿನ್ನೆ ಹುಟ್ಟಿದ ಕುರಿಮರಿಯನ್ನು ನೀವು ಬಯಲಲ್ಲಿ ಬಿಡುವಿರಾ?’ ಬಿಡರು, ತಮ್ಮ ಕಂಬಳಿಯೊಳಕ್ಕೆ ಎಳೆದುಕೊಳ್ಳುವರು. ಕಂಬಳಿಯಲ್ಲಿ ಮರಿಗೆ ಇರುವ ಎಡೆ ಮನೆಯಲ್ಲಿ ಮೊಮ್ಮಗುವಿಗೆ ಇಲ್ಲವೆ? ಕಳುವರಹಳ್ಳಿಯ ಗುಡ್ಡದ ಜುಂಜಪ್ಪನನ್ನು ದನಕರುಗಳ ಕಾವಲಿಗನೆಂದು ನಂಬಿದವರು ಅವರು. ಕರುವನ್ನು ಕಾಯುವ ದೇವರು ಕೂಸನ್ನು ಹೊರಗಿಡೆಂದು ಹೇಳಿಯಾನೆ?

ಶಾಸನವೂ ಇದೆ. ಅಮಾನವೀಯ ದುಷ್ಟ ಪದ್ಧತಿಗಳ ಪ್ರತಿಬಂಧಕ್ಕಾಗಿ ಕರ್ನಾಟಕವು 2017ರಲ್ಲಿ ಮಾಡಿ 2020ರಲ್ಲಿ ಜಾರಿಗೆ ತಂದ ಅಧಿನಿಯಮವು, ಮುಟ್ಟಾದ ಮತ್ತು ಗರ್ಭಿಣಿಯರಾದ ಹೆಂಗಸರನ್ನು ಬಲವಂತದಿಂದ ಬೇರೆಯಿಡುವುದನ್ನೂ ಊರೊಳಕ್ಕೆ ಬರಗೊಡದಿರುವುದನ್ನೂ ಅಪರಾಧವೆಂದು ಸಾರಿದೆ. ಬಾಣಂತಿಯ ಗುಡಿಸಲು ಆ ಆಚಾರದ ಮುಂದುವರಿಕೆಯೇ ಅಲ್ಲವೆ? ಆದರೆ ಕಾನೂನು ಬರುವುದು ಸಾಮಾನ್ಯವಾಗಿ ಸಾವಿನ ಹಿಂದೆ. ಸಾವಿಗೆ ಮುಂದೆ ಹೋಗಬಲ್ಲವರು ಉಪಾಧ್ಯಾಯರು. ಹಟ್ಟಿಯ ಮಕ್ಕಳು ನಿಮ್ಮ ಮುಂದೆ ಕುಳಿತಿದ್ದಾರೆ. ‘ನಿಮ್ಮ ಮನೆಯಲ್ಲಿ ಪಾಪು ಹುಟ್ಟಿತೇ? ಅದು ಎಲ್ಲಿ ಮಲಗಿದೆ?’ ಎಂದು ಕೇಳಿ. ಆ ಸಂಜೆ ಆ ಮನೆಗೆ ಹೋಗಿ ಬನ್ನಿ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28, 42ನೆಯ ದಿನಗಳಂದು ಬರತಕ್ಕದ್ದೆಂಬ ಏರ್ಪಾಡಿದೆ. ಬಂದಳೇ ಎಂದು ವಿಚಾರಿಸಿ. ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಉಸಿರು ನಿಮಿಷಕ್ಕೆ 60ನ್ನು ಮುಟ್ಟಿದರೆ ಅಥವಾ ಮೀರಿದರೆ, ಸೆಳವು ಬಂದರೆ, ಅಂಗೈ ಅಂಗಾಲುಗಳು ಹಳದಿಯಾದರೆ, ಹರಕೆ ಹೊರುತ್ತ ಕೂರದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯುವಂತೆ ಹೇಳಿ. ಬಾಣಂತಿಯ ಖಿನ್ನತೆ ಎರಡು ವಾರಕ್ಕೂ ಮೀರಿದರೆ ಅದಕ್ಕೂ ವೈದ್ಯರನ್ನು ಕಾಣಬೇಕು.

ಹಾಲು ತಾಯಿಯದು, ಆ ತಾಯಿಗೆ ಬಿಸುಪನ್ನೂ ಮಾತನ್ನೂ ಕೊಡಬೇಕಾದವರು ನಾವು. ನನ್ನ ಕಕ್ಷಿಗಾರನು ಕೇಳುವ ಪರಿಹಾರ ದೊಡ್ಡದಲ್ಲ: ಅವನ ತಾಯಿಯನ್ನು ಒಳಗೆ ಕರೆಯಿರಿ.