ರಾತ್ರಿ ಅರಳುವ ಬಳ್ಳಿಗೆ ಎಷ್ಟು ಹೆಸರು?

(ಕೈತೋಟಾಸಕ್ತರ ಸಭೆಯೊಂದರಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಪಾಠ)



ನಾನು ಸಸ್ಯವಿಜ್ಞಾನಿಯಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿ ವರದಿಗಾರಿಕೆಗೆ ಬಂದವಳು. ಈ ವೇದಿಕೆಗೆ ನನ್ನನ್ನು ಕರೆತಂದದ್ದು ನಾನೇ ಮಾಡಿದ ಒಂದು ತಪ್ಪು. ಕಳೆದ ಮಳೆಗಾಲದಲ್ಲಿ ಮನೆಯೊಂದರ ಗೇಟಿನ ಮೇಲೆ ರಾತ್ರಿ ಅರಳಿದ್ದ ದೊಡ್ಡ ಬಿಳಿ ಹೂವಿನ ಚಿತ್ರಕ್ಕೆ ‘ಬ್ರಹ್ಮಕಮಲ’ ಎಂದು ಅಡಿಬರಹ ಬರೆದೆ. ಬೆಳಿಗ್ಗೆಯೇ ನಿವೃತ್ತ ಮೇಷ್ಟ್ರೊಬ್ಬರ ಫೋನ್ ಬಂತು. “ಏನಮ್ಮಾ, ಬ್ರಹ್ಮಕಮಲ ಬಳ್ಳಿಯಾಗಿ ಗೇಟು ಸುತ್ತುತ್ತದೆಯೇ?” ಎಂದರು. “ಹಾಗಾದರೆ ಇದು ಯಾವ ಹೂ ಸಾರ್?” ಎಂದೆ. “ಅದನ್ನು ನೀನೇ ಹುಡುಕಮ್ಮ” ಎಂದು ಫೋನ್ ಇಟ್ಟರು.

ಹುಡುಕುತ್ತಾ ಹೋದಾಗ ಮೊದಲು ತಿಳಿದದ್ದು, ನಮ್ಮ ಮನೆಗಳ ಕುಂಡದಲ್ಲಿರುವ ಬ್ರಹ್ಮಕಮಲವೂ ಬ್ರಹ್ಮಕಮಲವಲ್ಲ ಎಂಬುದು. ಅದು ಅಮೆರಿಕ ಮೂಲದ ಕಳ್ಳಿ. ನಿಜವಾದ ಬ್ರಹ್ಮಕಮಲ ಇರುವುದು ಹಿಮಾಲಯದ ಎತ್ತರದಲ್ಲಿ. ನಾನು ಕಂಡ ಬಳ್ಳಿಗೆ ಇಂಗ್ಲಿಷಿನಲ್ಲಿ ‘ಮೂನ್‌ಫ್ಲವರ್’ ಎನ್ನುತ್ತಾರೆ. ಆದರೆ ಅದೇ ಇಂಗ್ಲಿಷಿನಲ್ಲಿ ದತ್ತೂರದ ಹೂವಿಗೂ ಮೂನ್‌ಫ್ಲವರ್ ಎಂಬ ಹೆಸರುಂಟು! ದತ್ತೂರದ ಬೀಜ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಕುತ್ತು. ಹೆಸರು ತಪ್ಪಿದರೆ ಏನಾಗುತ್ತದೆ ಎಂದು ನನಗೆ ಅರ್ಥವಾದದ್ದು ಆಗ.

ಹಾಗಾದರೆ ಗುರುತಿಸುವುದು ಹೇಗೆ? ದತ್ತೂರ ನೆಟ್ಟಗೆ ಬೆಳೆಯುವ ಗಿಡ, ಅದರ ಕಾಯಿ ಮುಳ್ಳುಮುಳ್ಳು. ನಮ್ಮದು ಆಸರೆಯನ್ನು ಸುತ್ತಿ ಹತ್ತುವ ಬಳ್ಳಿ. ಎಲೆ ಹೃದಯದ ಆಕಾರ, ಕಾಂಡ ಮುರಿದರೆ ಹಾಲು. ಮೊಗ್ಗು ಮಡಿಸಿದ ಕೊಡೆಯಂತೆ ತಿರುಚಿಕೊಂಡಿರುತ್ತದೆ. ಸಂಜೆ ಕಪ್ಪಾಗುವ ಹೊತ್ತಿಗೆ ನೋಡನೋಡುತ್ತಲೇ ಬಿಚ್ಚಿಕೊಳ್ಳುತ್ತದೆ. ಐದು ದಳಗಳೂ ಬೆಸೆದು ಒಂದೇ ತಟ್ಟೆಯಾಗಿರುತ್ತವೆ. ರಾತ್ರಿಯ ಪತಂಗಗಳು ಬಂದು ಹೋಗುತ್ತವೆ, ಬೆಳಗಾದರೆ ಹೂ ಬಾಡುತ್ತದೆ. ಈ ಬಳ್ಳಿ ಸೇರಿರುವುದು ‘ಕನ್ವಾಲ್ವುಲೇಸಿ’ ಕುಟುಂಬಕ್ಕೆ. ಸಂಕ್ರಾಂತಿಗೆ ನಾವು ಬೇಯಿಸಿ ತಿನ್ನುವ ಸಿಹಿಗೆಣಸು ಇದರ ಹತ್ತಿರದ ನೆಂಟ. ಎರಡರ ಕುಲನಾಮವೂ ‘ಐಪೋಮಿಯಾ’. ಗೆಣಸು ಐಪೋಮಿಯಾ ಬಟಾಟಸ್, ಇದು ಐಪೋಮಿಯಾ ಆಲ್ಬ. ಆಲ್ಬ ಎಂದರೆ ಲ್ಯಾಟಿನ್‌ನಲ್ಲಿ ಬಿಳಿ.

ಈ ಹೆಸರಿನ ಜಾಡು ಹಿಡಿದು ಹೋದರೆ ನಾವು ತಲುಪುವುದು ಕೊಚ್ಚಿಯನ್ನು. ಹದಿನೇಳನೇ ಶತಮಾನದಲ್ಲಿ ಅಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಮಲಬಾರಿನ ಸಸ್ಯಗಳ ಬಗ್ಗೆ ದೊಡ್ಡ ಗ್ರಂಥವೊಂದನ್ನು ಸಿದ್ಧಪಡಿಸಿದ. ಅದೇ ‘ಹೋರ್ಟಸ್ ಮಲಬಾರಿಕಸ್’. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮ್‌ನಲ್ಲಿ 12 ಸಂಪುಟಗಳಲ್ಲಿ ಅಚ್ಚಾಯಿತು. ಗಿಡಗಳ ತಿಳಿವಳಿಕೆ ಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯ ಹಾಗೂ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಇವರ ಸಾಕ್ಷಿಪತ್ರಗಳು ಮೊದಲ ಸಂಪುಟದಲ್ಲೇ ಇವೆ. 1692ರಲ್ಲಿ ಬಂದ ಹನ್ನೊಂದನೇ ಸಂಪುಟದಲ್ಲಿ ನಮ್ಮ ಬಳ್ಳಿಯ ಚಿತ್ರವಿದೆ. ಅಲ್ಲಿ ಅದರ ಹೆಸರು ‘ಮುಂಡವಳ್ಳಿ’. ಮಲಯಾಳಿಗಳ ವಳ್ಳಿಯೇ ನಮ್ಮ ಬಳ್ಳಿ.

ಸ್ವೀಡನ್ನಿನ ಲಿನೇಯಸ್ ಭಾರತಕ್ಕೆ ಬಂದವನೇ ಅಲ್ಲ. 1753ರಲ್ಲಿ ‘ಸ್ಪೀಶೀಸ್ ಪ್ಲಾಂಟಾರಮ್’ ಬರೆದಾಗ ಮುಂಡವಳ್ಳಿಯ ಚಿತ್ರವನ್ನು ಆಧರಿಸಿ ಐಪೋಮಿಯಾ ಆಲ್ಬ ಎಂದು ಹೆಸರಿಟ್ಟ. ಇಂದಿಗೂ ಈ ಹೆಸರಿಗೆ ಆಧಾರ ಒಣಗಿಸಿಟ್ಟ ಗಿಡವಲ್ಲ, ಆ ಚಿತ್ರವೇ. ಸ್ವಾರಸ್ಯವೆಂದರೆ, ಅದೇ ಪುಸ್ತಕದಲ್ಲಿ ಅದೇ ಬಳ್ಳಿಯನ್ನು ಬೇರೆ ಗಿಡವೆಂದು ತಿಳಿದು ‘ಕನ್ವಾಲ್ವುಲಸ್ ಅಕ್ಯುಲಿಯೇಟಸ್’ ಎಂದೂ ಬರೆದ. ಕಾಂಡದ ಮೆತ್ತನೆಯ ಮುಳ್ಳುಗಳಿಂದ ಬಂದ ಹೆಸರದು. 1762ರಲ್ಲಿ ಮೂರನೆಯ ಹೆಸರು ‘ಐಪೋಮಿಯಾ ಬೋನಾ ನಾಕ್ಸ್’ ಕೊಟ್ಟ. ಅಂದರೆ ಶುಭರಾತ್ರಿ! ದೊಡ್ಡವರೂ ಅಡಿಬರಹ ತಪ್ಪುತ್ತಾರೆಂದು ನನಗೆ ಸ್ವಲ್ಪ ಸಮಾಧಾನವಾಯಿತು.

1830ರ ದಶಕದಲ್ಲಿ ಜಿನೀವಾದ ಶ್ವಾಸಿ, ಇರುಳಲ್ಲಿ ಅರಳುವ ಉದ್ದ ಕೊಳವೆಯ ಹೂವೆಂದು ಇದನ್ನು ‘ಕ್ಯಾಲೊನಿಕ್ಟಿಯಾನ್’ ಎಂಬ ಬೇರೆ ಕುಲಕ್ಕೆ ಸೇರಿಸಿದ. ಗ್ರೀಕ್‌ನಲ್ಲಿ ಅದಕ್ಕೆ ಚೆಲುವಾದ ರಾತ್ರಿ ಎಂಬ ಅರ್ಥ. ಆದರೆ 1893ರಲ್ಲಿ ಜರ್ಮನಿಯ ಹ್ಯಾಲಿಯರ್ ಈ ಕುಟುಂಬವನ್ನು ಪರಾಗದ ಮೇಲೆ ಎರಡು ಭಾಗ ಮಾಡಿದ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕನ್ವಾಲ್ವುಲಸ್‌ನ ಪರಾಗ ನುಣುಪು, ಗೆಣಸಿನದು ಮುಳ್ಳುಮುಳ್ಳು. ನಮ್ಮ ಬಳ್ಳಿಯದೂ ಮುಳ್ಳುಮುಳ್ಳು. ಹೂ ಯಾವ ಹೊತ್ತಿಗೆ ಅರಳುತ್ತದೆ, ಕೊಳವೆ ಎಷ್ಟು ಉದ್ದ ಎಂಬುದು ಕರೆಯಬೇಕಾದ ಕೀಟಕ್ಕೆ ತಕ್ಕಂತೆ ಬದಲಾಗುವ ವೇಷ. ಅದರಿಂದ ಕುಲ ಬೇರೆಯಾಗದು ಎಂದು ನಂತರದವರು ತೀರ್ಮಾನಿಸಿದರು. ಬಳ್ಳಿ ಐಪೋಮಿಯಾಕ್ಕೆ ಮರಳಿತು. ವಂಶವಾಹಿಗಳ ಅಧ್ಯಯನವೂ ಅದನ್ನೇ ಹೇಳುತ್ತಿದೆ.

ಇನ್ನೊಂದು ಸಂಗತಿ. ಮಲಬಾರಿನ ಚಿತ್ರದಿಂದ ಹೆಸರು ಪಡೆದ ಈ ಬಳ್ಳಿಯ ತವರು ಅಮೆರಿಕದ ಉಷ್ಣವಲಯ! ಮೆಕ್ಸಿಕೋ ಕಡೆಯ ಜನ ಸುಮಾರು 3,500 ವರ್ಷಗಳ ಹಿಂದೆಯೇ ಕ್ಯಾಸ್ಟಿಲ್ಲ ಮರದ ಹಾಲಿಗೆ ಈ ಬಳ್ಳಿಯ ರಸ ಬೆರೆಸಿ ಪುಟಿಯುವ ರಬ್ಬರ್ ಚೆಂಡು ಮಾಡುತ್ತಿದ್ದರು. 1999ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಇದರ ಗುಟ್ಟನ್ನು ವಿವರಿಸಿದರು.

ಊರಿನ ಹೆಸರನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಮುಂಡವಳ್ಳಿ ಎಂದು ಹೇಳಿಕೊಟ್ಟವರಿಲ್ಲದಿದ್ದರೆ ಆಲ್ಬ ಎಂಬ ಹೆಸರೂ ಹುಟ್ಟುತ್ತಿರಲಿಲ್ಲ. ಊರ ಹೆಸರು ಮನೆಯೊಳಗೆ ಕರೆಯುವ ಹೆಸರು; ಶಾಸ್ತ್ರದ ಹೆಸರು ಲಕೋಟೆಯ ಮೇಲಿನ ವಿಳಾಸ. ಎರಡೂ ಬೇಕು. ನಿಮ್ಮ ಕುಂಡಗಳ ಮೇಲೆ ಎರಡನ್ನೂ ಬರೆದಿಡಿ. ಬೀಜ ಹಂಚುವಾಗ ಆ ಚೀಟಿಯನ್ನೂ ಕೊಡಿ.

ಹೆಸರು ಪತ್ತೆಯಾದ ವಾರವೇ ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿದೆವು. ಮೇಷ್ಟ್ರಿಂದ ಮತ್ತೆ ಫೋನ್ ಬಂತು. “ಈಗ ಸರಿಯಾಯಿತಮ್ಮ” ಎಂದರು. ಅಷ್ಟು ಸಾಕು.