ಕಾಯಿಲೆ ವಾಸಿಯಾದ ಮೇಲೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಗೋಷ್ಠಿಯಲ್ಲಿ ಕೊಳವಳ್ಳಿಯ ದಂಪತಿಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯ ವೇದಿಕೆಗೆ ಸಾಮಾನ್ಯವಾಗಿ ಹೆಸರು ಗಳಿಸಿದವರನ್ನು ಕರೆಯುತ್ತಾರೆ. ನಾವು ಅಂಥವರಲ್ಲ. ನಮ್ಮಲ್ಲಿ ಒಬ್ಬರು ಈ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವರು. ಇನ್ನೊಬ್ಬರು ವಯನಾಡಿನ ಕೊಳವಳ್ಳಿಯಲ್ಲಿ ಕಾಫಿ, ಮೆಣಸು ಬೆಳೆಯುವವರು. ನಮ್ಮ ಮಗ ಈಗ ಇಲ್ಲಿ ಮೂರನೆಯ ತರಗತಿಯಲ್ಲಿದ್ದಾನೆ. ಅವನ ವಿಷಯವಾಗಿ ಮಾತನಾಡಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದಾಗ ಎರಡು ವಾರ ನಾವು ಉತ್ತರ ಕೊಡಲಿಲ್ಲ. ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಿಮಗೆಲ್ಲ ಅವನು ಗೊತ್ತು, ನಿಜ; ಆದರೆ ಈ ಮಾತು ಸಂಚಿಕೆಯಲ್ಲಿ ಅಚ್ಚಾಗಿ ಉಳಿಯುತ್ತದೆ. ತನ್ನ ಕಾಯಿಲೆಯ ಕಥೆಯನ್ನು ಯಾರಿಗೆ ಹೇಳಬೇಕೆಂಬುದನ್ನು ದೊಡ್ಡವನಾದ ಮೇಲೆ ಅವನೇ ತೀರ್ಮಾನಿಸಲಿ.

ಅವನಿಗೆ ಎರಡು ವರ್ಷ ಎಂಟು ತಿಂಗಳಾಗಿದ್ದಾಗ ಬಿಡದ ಜ್ವರ ಬಂತು. ಕಾಲುಗಳ ಮೇಲೆ ಪೆಟ್ಟು ಬೀಳದೆಯೇ ನೀಲಿ ಕಲೆಗಳು ಮೂಡಿದವು. ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ವೈದ್ಯರು ಅದನ್ನು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎನ್ನುತ್ತಾರೆ. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಇದೇ ಹೆಚ್ಚು. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರದಲ್ಲಿ ಎರಡೂವರೆ ವರ್ಷ ಚಿಕಿತ್ಸೆ ನಡೆಯಿತು. ಎಷ್ಟು ಸಲ ಘಟ್ಟ ಇಳಿದೆವು, ಎಷ್ಟು ಸಲ ಹತ್ತಿದೆವು ಎಂಬ ಲೆಕ್ಕ ಇಟ್ಟಿಲ್ಲ. ಅವನಿಗಿಂತ ಐದು ವರ್ಷ ದೊಡ್ಡವಳಾದ ಅಕ್ಕನ ಓದನ್ನು ಆ ಅವಧಿಯಲ್ಲಿ ಯಾರು ನೋಡಿಕೊಂಡರು ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಔಷಧಿಗಳ ವಿಷಯ ಸ್ವಲ್ಪ ಹೇಳಬೇಕು. ಮುಂದಿನ ಮಾತಿಗೆ ಅದು ಬೇಕಾಗುತ್ತದೆ. ವಿನ್‌ಕ್ರಿಸ್ಟೀನ್ ಎಂಬ ಚುಚ್ಚುಮದ್ದು ನಮ್ಮೆಲ್ಲರ ಅಂಗಳದಲ್ಲಿ ಅರಳುವ ನಿತ್ಯಪುಷ್ಪದ ಗಿಡದಿಂದ ಬಂದದ್ದು. ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದರ ಹಿಂದೆ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ದುಡಿಮೆಯಿದೆ. ಅಮೆರಿಕದಲ್ಲಿ ಅವರ ತಂಡ ತಯಾರಿಸಿದ ಇದೇ ಬಗೆಯ ಔಷಧಿಯಿಂದ ರಕ್ತದ ಕ್ಯಾನ್ಸರಿನ ಮಕ್ಕಳು ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಳ್ಳುವರೆಂದು ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ಈ ಕಾಯಿಲೆಯ ಮಕ್ಕಳು ಕೆಲವೇ ತಿಂಗಳುಗಳಲ್ಲಿ ತೀರಿಕೊಳ್ಳುತ್ತಿದ್ದರು. ರೋಗಕಣಗಳು ಮಿದುಳಿನಲ್ಲಿ ಅಡಗಿ ಕುಳಿತುಕೊಳ್ಳುವುದರಿಂದ ಹಿಂದೆ ಮಕ್ಕಳ ತಲೆಗೆ ವಿಕಿರಣ ಕೊಡುತ್ತಿದ್ದರು. ಅದರಿಂದ ಬುದ್ಧಿಯ ಬೆಳವಣಿಗೆಗೆ ಪೆಟ್ಟು ಬೀಳುವುದನ್ನು ಕಂಡು ಈಗ ಬಹುಪಾಲು ಮಕ್ಕಳಿಗೆ ಅದನ್ನು ಬಿಟ್ಟಿದ್ದಾರೆ. ಬದಲಿಗೆ ಬೆನ್ನಿನ ಮೂಲಕ ಬೆನ್ನುಹುರಿಯ ದ್ರವಕ್ಕೇ ಔಷಧಿ ಸೇರಿಸುತ್ತಾರೆ. ಹಾನಿ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಮಗು ಚಿಕ್ಕದಾದಷ್ಟೂ ಅದರ ಗುರುತು ಆಳವಾಗುವ ಸಂಭವ ಹೆಚ್ಚು.

ನಮ್ಮ ಮಗನಿಗೆ ಆದದ್ದು ಹೀಗೆ. ನಿತ್ಯಪುಷ್ಪದ ಮದ್ದು ನರಗಳನ್ನು ಬಲಹೀನಗೊಳಿಸಿತು. ನಡೆಯುತ್ತಿದ್ದ ಮಗುವಿನ ಪಾದಗಳು ಜೋತುಬಿದ್ದು ಎಡವತೊಡಗಿದವು. ಬೆರಳುಗಳಲ್ಲಿ ಹಿಡಿತ ಉಳಿಯಲಿಲ್ಲ. ಸೋಂಕಿನ ಭಯದಿಂದ ಅಂಗನವಾಡಿ, ಓರಗೆಯ ಮಕ್ಕಳ ಆಟ, ಜಾತ್ರೆ, ಮದುವೆಮನೆ ಎಲ್ಲವೂ ತಪ್ಪಿದವು. ಮಾತು ಹಿಂದೆ ಬಿತ್ತು. ಆಸ್ಪತ್ರೆಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ. ನೋವು ಎನ್ನುವ ನಮ್ಮ ಮಾತು ಅವನ ಬಾಯಿಗೆ ಬರಲೇ ಇಲ್ಲ. ನರ್ಸಮ್ಮಂದಿರಿಂದ ಕಲಿತ ‘ವೇದನ’ ಎಂಬ ಮಾತನ್ನೇ ಆಡುತ್ತಿದ್ದ. ಎರಡು ಭಾಷೆಗಳಿಂದಲೇ ಮಾತು ತಡವಾಗಿದೆ, ಮನೆಯಲ್ಲಿ ಕನ್ನಡ ಬಿಡಿ ಎಂದು ಸಲಹೆ ಕೊಟ್ಟವರು ಹಲವರು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದಾಗ ಅಲ್ಲಿ ಕನ್ನಡದಲ್ಲಿಯೇ ಪರೀಕ್ಷಿಸಿದರು. ಮಲಯಾಳದ ಪ್ರಶ್ನೆಗಳಿಗೆ ಸುಮ್ಮನೆ ಕೂತಿದ್ದ ಹುಡುಗ ಇಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಉತ್ತರ ಹೇಳಿದ. ಭಾಷೆಗಳು ಎರಡಾದದ್ದು ಕಾರಣವಲ್ಲ, ಮನೆಮಾತನ್ನು ಖಂಡಿತ ಬಿಡಬೇಡಿ ಎಂದು ಅಲ್ಲಿ ಹೇಳಿದರು. ತವರೂರಿನ ಈ ಶಾಲೆಯ ನೆನಪು ನಮಗೆ ಬಂದದ್ದು ಆಗ.

ಅದಕ್ಕೂ ಮೊದಲು ಒಂದು ವರ್ಷ ಅವನು ಬೇರೊಂದು ಶಾಲೆಗೆ ಹೋಗುತ್ತಿದ್ದ. ತಲೆಗೂದಲು ಮತ್ತೆ ಬೆಳೆದಿತ್ತು, ಕೆನ್ನೆ ತುಂಬಿತ್ತು; ನೋಡಿದವರಿಗೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಕಾಯಿಲೆಯ ಸುದ್ದಿಯನ್ನು ನಾವು ಆ ಶಾಲೆಗೆ ತಿಳಿಸಿರಲಿಲ್ಲ. ಜನ ದೂರ ಸರಿದಾರು, ಕ್ಯಾನ್ಸರ್ ಅಂಟುತ್ತದೆ ಎಂದಾರು ಎಂಬ ಅಂಜಿಕೆ. ಹುಡುಗ ಮೈಗಳ್ಳ, ಹಲಗೆಯ ಮೇಲಿನದನ್ನು ಎಂದೂ ಪೂರ್ತಿ ಬರೆದುಕೊಳ್ಳುವುದಿಲ್ಲ ಎಂಬ ದೂರು ಪ್ರತಿ ತಿಂಗಳೂ ಬರುತ್ತಿತ್ತು. ಆ ದೂರನ್ನು ನಾವು ನಂಬಿದೆವು. ಸಾವಿನ ಬಾಯಿಂದ ತಿರುಗಿ ಬಂದ ಮಗುವಿನ ಮೇಲೆ, ಒಂದು ಪುಟ ಅಕ್ಷರಕ್ಕಾಗಿ, ಒಂದು ರಾತ್ರಿ ನಾವು ಕೈ ಎತ್ತಿದೆವು. ಅವನು ಅಳಲಿಲ್ಲ. ಬೆನ್ನಿಗೆ ಸೂಜಿ ಹಾಕಿಸಿಕೊಳ್ಳುವಾಗ ಮಲಗುತ್ತಿದ್ದಂತೆ ಮೊಣಕಾಲು ಮಡಚಿ, ಮಗ್ಗುಲಾಗಿ ಮಲಗಿಬಿಟ್ಟ.

ಇದನ್ನು ನಮ್ಮ ಬಂಧುಗಳಿಗೂ ಈವರೆಗೆ ಹೇಳಿಲ್ಲ.

ಈ ಮಕ್ಕಳ ಕಷ್ಟ ಒಡನೆ ಕಾಣದು. ಎಷ್ಟೋ ಸಲ ಚಿಕಿತ್ಸೆ ಮುಗಿದು ಕೆಲವು ವರ್ಷಗಳಾದ ಮೇಲೆ, ಓದು ಭಾರವಾಗುವ ಹೊತ್ತಿಗೆ ಅದು ತಲೆದೋರುತ್ತದೆ. ನಮ್ಮವನು ಕಥೆ ಕೇಳಿದರೆ ಮರೆಯುವುದಿಲ್ಲ, ಓದಿದ್ದು ಅರ್ಥವಾಗುತ್ತದೆ. ಆದರೆ ಎಲ್ಲವೂ ನಿಧಾನ. ಎರಡು ಸೂಚನೆ ಒಟ್ಟಿಗೆ ಕೊಟ್ಟರೆ ಒಂದು ಉದುರಿಹೋಗುತ್ತದೆ. ಲೆಕ್ಕದಲ್ಲಿ ದಶಕ ಕೈಯಲ್ಲಿ ನಿಲ್ಲುವುದಿಲ್ಲ. ಒತ್ತಕ್ಷರ ಬಂತೆಂದರೆ ಬೆರಳು ದಣಿಯುತ್ತದೆ; ‘ಸ್ವಾತಂತ್ರ್ಯ’ ಎಂದು ಬರೆದು ಮುಗಿಸುವಷ್ಟರಲ್ಲಿ ಉಕ್ತಲೇಖನ ನಾಲ್ಕು ಪದ ಮುಂದೆ ಹೋಗಿರುತ್ತದೆ.

ಇಲ್ಲಿಗೆ ಸೇರಿಸುವಾಗ ಆಸ್ಪತ್ರೆಯ ಕಾಗದಗಳನ್ನೆಲ್ಲ ಗುರುಗಳ ಮೇಜಿನ ಮೇಲಿಟ್ಟೆವು. ಅವರು ಓದಿ, ತಮಗೆ ಇದೆಲ್ಲ ತಿಳಿಯದು, ಅವನಿಗೆ ಏನು ಬರುತ್ತದೆ ಎಂಬುದನ್ನು ಮೊದಲು ಹೇಳಿ ಎಂದರು. ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಹಲಗೆಯಿಂದ ನಕಲು ಮಾಡುವುದನ್ನು ಬಿಡಿಸಿ, ಪಾಠವನ್ನು ಚೀಟಿಯಲ್ಲಿ ಬರೆದುಕೊಟ್ಟರು. ಹತ್ತು ಲೆಕ್ಕದ ಬದಲು ಐದು. ಈ ಶಾಲೆಯಲ್ಲಿ ಓದಿದ ನಮ್ಮ ಅಜ್ಜ ಮರಳಿನ ಮೇಲೆ ಅಕ್ಷರ ತಿದ್ದಿದವರು. ಆ ಮಾತು ನೆನಪಾಗಿ ನಾವು ತಟ್ಟೆಯಲ್ಲಿ ಮರಳು ಹರಡಿಕೊಟ್ಟೆವು. ಪೆನ್ಸಿಲಿಗೆ ಸೋತ ಬೆರಳು ಮರಳಿನಲ್ಲಿ ಒತ್ತಕ್ಷರ ಬರೆಯಿತು. ಹೊಳೆಯ ಮರಳಿಗಿಂತ ರವೆ ವಾಸಿ, ಉಗುರಿನ ಸಂದಿಯಲ್ಲಿ ನಿಲ್ಲುವುದಿಲ್ಲ ಎಂದು ಈಗ ಅವನದೇ ಅಭಿಪ್ರಾಯ.

ಒಬ್ಬನಿಗಾಗಿ ಇಷ್ಟು ಹೊತ್ತು ಕಳೆದರೆ ನಮ್ಮ ಮಕ್ಕಳ ಗತಿಯೇನು ಎಂದು ಕೆಲವು ಪೋಷಕರು ಕೇಳಿದ್ದು ನಮಗೆ ತಿಳಿದಿದೆ. ಅವರು ಇಲ್ಲಿಯೇ ಇದ್ದಾರೆ. ಪ್ರಶ್ನೆ ತಪ್ಪಲ್ಲ. ನಮ್ಮ ಮಗಳ ಓದು ಹಿಂದುಳಿದಾಗ ನಾವೂ ಅದನ್ನೇ ಕೇಳಬಹುದಿತ್ತು. ಗುರುಗಳ ಮೇಲಿನ ಭಾರ ಇಳಿಸಲು ಇನ್ನೊಂದು ಕೈ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಆದರೆ ಅದರ ಹಲವು ಸೌಲಭ್ಯಗಳು ಶೇಕಡಾ 40ರಷ್ಟಾದರೂ ವೈಕಲ್ಯವಿದೆಯೆಂಬ ಪ್ರಮಾಣಪತ್ರ ಉಳ್ಳವರಿಗೆ ಮಾತ್ರ. ನಮ್ಮವನಿಗೆ ಕಾಲಿನಲ್ಲಿ ಸ್ವಲ್ಪ, ಕೈಯಲ್ಲಿ ಸ್ವಲ್ಪ, ಗಮನದಲ್ಲಿ ಸ್ವಲ್ಪ. ಯಾವುದೊಂದೂ ಆ ಗೆರೆಯನ್ನು ಮುಟ್ಟಲಿಲ್ಲ. ಆಸ್ಪತ್ರೆಯ ಕಡತದಲ್ಲಿ ಅವನು ಗುಣವಾದವನು, ಕಚೇರಿಯ ಕಡತದಲ್ಲಿ ವಿಕಲಚೇತನನಲ್ಲ. ಆದ್ದರಿಂದ ಹಳೆಯ ವಿದ್ಯಾರ್ಥಿ ಸಂಘದವರಲ್ಲಿ ನಮ್ಮದೊಂದು ಬಿನ್ನಹ. ಶತಮಾನೋತ್ಸವದ ನಿಧಿಯಿಂದ ಸಭಾಭವನ ಕಟ್ಟುವ ಯೋಚನೆಯಿದೆಯೆಂದು ಕೇಳಿದ್ದೇವೆ. ಸಭಾಭವನ ಒಂದು ವರ್ಷ ತಡವಾದರೂ ಆದೀತು, ವಿಶೇಷ ಶಿಕ್ಷಣದ ತರಬೇತಿ ಪಡೆದ ಒಬ್ಬರನ್ನು ವಾರಕ್ಕೆ ಎರಡು ದಿನವಾದರೂ ಕರೆಸಿರಿ. ನಿಧಾನವಾಗಿ ಕಲಿಯುವ ಮಕ್ಕಳು ಬೇರೆ ಬೇರೆ ಕಾರಣಗಳಿಂದ ಪ್ರತಿ ತರಗತಿಯಲ್ಲೂ ಇದ್ದಾರೆ. ಅವರ ತಂದೆತಾಯಿಗಳು ಇಂದು ವೇದಿಕೆ ಹತ್ತಿಲ್ಲ, ಅಷ್ಟೆ.

ಕಳೆದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎಲ್ಲರಂತೆ ತನಗೂ ಹತ್ತು ಲೆಕ್ಕ ಬೇಕೆಂದು ಹಟ ಹಿಡಿದ. ಗಂಟೆ ಹೊಡೆದಾಗ ಆರು ಮುಗಿದಿದ್ದವು, ಆರೂ ಸರಿ. ಆರಕ್ಕೆ ಆರು ಎಂದು ಬರೆಯಲೋ ಹತ್ತಕ್ಕೆ ಆರು ಎಂದೋ ಎಂದು ಗುರುಗಳು ನಮ್ಮನ್ನು ಕೇಳಿದರು. ಅವನನ್ನೇ ಕೇಳಿ ಎಂದೆವು. ಹತ್ತಕ್ಕೆ ಆರು ಎಂದೇ ಬರೆಸಿದ. ಆ ಶನಿವಾರ ಊರಿಗೆ ಹೋಗುವಾಗ ಬೈರಕುಪ್ಪೆಯಲ್ಲಿ ಪೆರಿಕ್ಕಲ್ಲೂರಿನ ದೋಣಿಗೆ ಕಾಯುತ್ತಿದ್ದೆವು. ಚೀಲದಿಂದ ಪ್ರಶ್ನೆಪತ್ರಿಕೆ ತೆಗೆದು, ಕಬಿನಿಯ ದಡದ ಮರಳಿನಲ್ಲಿ ಬೆರಳಿಂದ ಉಳಿದ ನಾಲ್ಕನ್ನು ಮಾಡತೊಡಗಿದ. ದೋಣಿ ಬಂತು. ಅಂಬಿಗರು ನಮ್ಮನ್ನು ನೋಡಿದರು, ನಾವು ಅವನನ್ನು ನೋಡಿದೆವು. ಮೂರನೆಯದರಲ್ಲಿದ್ದ. ಆ ದೋಣಿಯನ್ನು ಬಿಟ್ಟು ಮುಂದಿನದಕ್ಕೆ ಹತ್ತಿದೆವು.